ಕರ್ಚೀಫಮ್ಮನ ಗಾಳಿ

ನನ್ನ ಅಕ್ಕನನ್ನು ನಮ್ಮ ರಸ್ತೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕರ್ಚೀಫಮ್ಮ ಎನ್ನುತ್ತಾರೆ. ಬೆನ್ನ ಹಿಂದೆಯಲ್ಲ, ಎದುರಿಗೇ. ಅವಳೂ ಓಗೊಡುತ್ತಾಳೆ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇಷ್ಟು ವರ್ಷ ಲಾಂಡ್ರಿ ನಡೆಸ್ದೋಳಿಗೆ ಇದೇನಾ ಮರ್ಯಾದೆ?" ಎಂದು ಒಂದಿಬ್ಬರ ಮೇಲೆ ಹರಿಹಾಯ್ದಿದ್ದೂ ಉಂಟು. ಅಕ್ಕ ನಕ್ಕು ನನ್ನನ್ನೇ ಗದರಿದಳು. "ಕರೀಲಿ ಬಿಡೇ. ಕಂತ್ರಿ ಅಂತ ಕರೀತಿಲ್ಲವಲ್ಲ!"

ಆ ಹೆಸರು ಬಂದದ್ದಕ್ಕೆ ಕಾರಣವಿದೆ. ಅಕ್ಕ ಲಾಂಡ್ರಿ ಶುರು ಮಾಡಿದಾಗ ಮುಂದಿನ ರಸ್ತೆ ಮಣ್ಣಿನದು. ಎದುರಿಗೆ ಬಸ್ ಡಿಪೋ. ಕೆಳಗೆ ನೆನೆಹಾಕುವ ತೊಟ್ಟಿಗಳು, ಹಿಂಡುವ ಯಂತ್ರ, ಇಸ್ತ್ರಿ ಮೇಜು. ಮೇಲೆ ತಾರಸಿಯಲ್ಲಿ ಹದಿನಾಲ್ಕು ಸಾಲು ಹಗ್ಗ. ಒಂದು ದಿನ ಹೋಟೆಲಿನ ನಲವತ್ತು ಬಿಳಿ ಹಾಸಿಗೆ ಹೊದಿಕೆ ಒಣಹಾಕಿ ಕೆಳಗಿಳಿದಿದ್ದೇವೆ, ಗಾಳಿ ತಿರುಗಿತು. ಮಧ್ಯಾಹ್ನ ಹೋಗಿ ನೋಡಿದರೆ ನಲವತ್ತೂ ಕಂದು ಬಣ್ಣ. ಅಷ್ಟನ್ನೂ ಮತ್ತೆ ನೆನೆಸಿ, ಮತ್ತೆ ಒಗೆದು, ಮತ್ತೆ ನೀಲಿ ಹಾಕಿದೆವು. ನನ್ನ ಬೆರಳ ಸಂದುಗಳು ಹುಣ್ಣಾಗಿ ವಾರಗಟ್ಟಲೆ ಅನ್ನ ಕಲಸಲು ಆಗಲಿಲ್ಲ.

ಮಾರನೆಯ ದಿನದಿಂದ ಅಕ್ಕ ಒಂದು ಪದ್ಧತಿ ಇಟ್ಟಳು. ಬೆಳಗಾಗುತ್ತಲೇ ಒಗೆದ ಬಿಳಿ ಕರ್ಚೀಫೊಂದನ್ನು ರಸ್ತೆ ಕಡೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಬಿಡುವುದು. ಎರಡು ಗಂಟೆ ಬಿಟ್ಟು ತೆಗೆದು, ಕಿಟಕಿ ಗಾಜಿಗೆ ಒತ್ತಿ, ಬೆಳಕಿನಲ್ಲಿ ಅಂಗುಲ ಅಂಗುಲವೂ ನೋಡುವುದು. ಕಲೆ ಇದ್ದರೆ ಬಿಳಿ ಬಟ್ಟೆ ಒಳಗೆ ಫ್ಯಾನಿನ ಕೆಳಗೆ. ಕಲೆ ಇಲ್ಲದಿದ್ದರೆ ತಾರಸಿಗೆ. "ಮನುಷ್ಯರು ಸುಳ್ಳು ಹೇಳ್ತಾರೆ. ಬಟ್ಟೆ ಹೇಳಲ್ಲ," ಎನ್ನುತ್ತಿದ್ದಳು. ಒಗೆಯುವವರ ಬುದ್ಧಿ ಅದು. ನಮಗೆ ಜಗತ್ತಿನಲ್ಲಿ ಇರುವುದು ಎರಡೇ, ಕಲೆ ಇರುವುದು ಮತ್ತು ಇಲ್ಲದ್ದು.

ಆಮೇಲೆ ರಸ್ತೆಗೆ ಡಾಂಬರು ಬಂತು. ಅಗಲವಾಯಿತು. ಬೆಳಿಗ್ಗೆ ಸಂಜೆ ಟ್ಯಾಂಕರ್ ಬಂದು ನೀರು ಚಿಮುಕಿಸಿ ಹೋಗತೊಡಗಿತು. ಕರ್ಚೀಫು ದಿನಾ ಹಾಕಿದಷ್ಟೇ ಬೆಳ್ಳಗೆ ಕೈಗೆ ಬರತೊಡಗಿತು. ಹನ್ನೊಂದು ವರ್ಷದಲ್ಲಿ ಕಲೆ ಬಿದ್ದದ್ದು ಮೂರೋ ನಾಲ್ಕೋ ಸಲ. ಬಸ್ಸುಗಳು ಇಪ್ಪತ್ತರಿಂದ ಇನ್ನೂರಾದವು, ಬೆಳಿಗ್ಗೆ ಐದಕ್ಕೇ ಎಂಜಿನ್ ಚಾಲೂ ಮಾಡಿ ಅರ್ಧ ಗಂಟೆ ಗುರುಗುಟ್ಟಿಸುತ್ತ ನಿಲ್ಲಿಸುತ್ತಿದ್ದರು, ಅದು ಬೇರೆ ಮಾತು. ಕರ್ಚೀಫು ಬೆಳ್ಳಗಿತ್ತಲ್ಲ!

ಬರಬರುತ್ತ ಇಡೀ ರಸ್ತೆಗೆ ಅಕ್ಕನ ಕರ್ಚೀಫೇ ಪಂಚಾಂಗವಾಯಿತು. "ಕರ್ಚೀಫಮ್ಮಾ, ಇವತ್ತು ಗಾಳಿ ಹೇಗಿದೆ?" ಎಂದು ಎದುರು ಮಹಡಿಯ ಮೇಷ್ಟ್ರು ಕೂಗುವರು. "ಫಸ್ಟ್ ಕ್ಲಾಸು! ಕಿಟಕಿ ತೆಗೀರಿ!" ಎಂದು ಅಕ್ಕ ಕೂಗುವಳು. ಪಕ್ಕದ ಶಿಶುವಿಹಾರದ ಟೀಚರಮ್ಮ ಹನ್ನೆರಡು ಮಕ್ಕಳನ್ನು ಸಾಲಾಗಿ ನಮ್ಮ ತಾರಸಿಗೆ ಕರೆತಂದು ಆಡಿಸುವಳು. ಮಕ್ಕಳು ಒದ್ದೆ ಹೊದಿಕೆಗಳ ನಡುವೆ ಕಣ್ಣಾಮುಚ್ಚಾಲೆ ಆಡಿ ಕೊಳೆ ಕೈ ಒರೆಸಿ ಹೋದರೂ ಅಕ್ಕ ಬೈಯುತ್ತಿರಲಿಲ್ಲ. ನಾನು ಬೈಯುತ್ತಿದ್ದೆ. ಮತ್ತೆ ಒಗೆಯುವವಳು ನಾನು ತಾನೇ?

ನಮ್ಮ ಮನೆಯಲ್ಲಿ ಕೆಮ್ಮು ಎಂದರೆ ಭಾವ. ಡಿಪೋದಲ್ಲಿ ಮೆಕ್ಯಾನಿಕ್, ಮೂವತ್ತು ವರ್ಷದಿಂದ ದಿನಕ್ಕೊಂದು ಪ್ಯಾಕ್ ಸಿಗರೇಟು. ಅಕ್ಕನಿಗೆ ಅದೊಂದೇ ದುಃಖ. "ಸೇದಿ, ಸೇದಿ. ಎದೆ ಒಲೆಯಾಗ್ಲಿ," ಎಂದು ದಿನಾ ಮಂತ್ರ ಹೇಳುವಳು. ತನಗೂ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು. ಬುಟ್ಟಿ ಹೊತ್ತು ಮೂರನೇ ತಿರುವಿನಲ್ಲಿ ನಿಂತುಬಿಡುತ್ತಿದ್ದಳು. ಕೇಳಿದರೆ, "ವಯಸ್ಸಾಯ್ತಲ್ಲೇ, ನೀನೇನು ಹದಿನಾರರ ಹುಡುಗೀನಾ?" ಎಂದು ನನ್ನ ಬಾಯಿ ಮುಚ್ಚಿಸುವಳು. ಅವಳಿಗೆ ಐವತ್ತೆರಡು.

ಇನ್ನು ಅಕ್ಕನ ಮಗಳು. ಒಬ್ಬಳೇ ಮಗಳು, ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಅಳಿಯ ಇಲ್ಲಿಂದ ಎರಡು ತಾಸು ದೂರದ ಜಲಾಶಯದಲ್ಲಿ ಪಂಪ್ ಆಪರೇಟರ್. ನೀರಿನ ದಂಡೆಯ ಮೇಲೆ ಎರಡು ಕೋಣೆಯ ಕ್ವಾರ್ಟರ್ಸು. ಸುತ್ತ ಮರ, ಬಂಡೆ, ರಾತ್ರಿ ಹಗಲು ಪಂಪಿನ ಗುಂಯ್ ಸದ್ದು. ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ. "ಕಪ್ಪೆ ಸಂಸಾರ," ಎಂದು ಅಕ್ಕ ಮೂಗು ಮುರಿಯುತ್ತಿದ್ದಳು. ಗುಬ್ಬಿ ಮೊದಲ ಸಲ ಬಸುರಿಯಾದಾಗ ಎರಡನೇ ತಿಂಗಳಿಗೇ ಹಟ ಹಿಡಿದು ಕರೆತಂದಳು. ತಾರಸಿಯ ಮೇಲೆ ಒಂದು ಕೋಣೆ ಕಟ್ಟಿಸಿದ್ದೆವು, ಮೂರು ಕಡೆ ಕಿಟಕಿ. ರಸ್ತೆ ಕಡೆಯದ್ದು ಎಲ್ಲಕ್ಕಿಂತ ದೊಡ್ಡದು. "ಒಳ್ಳೆ ಗಾಳಿ ಕುಡಿ ಮಗಳೇ, ಎರಡು ಜೀವಕ್ಕೆ ಬೇಕು," ಎಂದು ಮಂಚವನ್ನು ತಾನೇ ಎಳೆದು ಆ ಕಿಟಕಿಗೆ ಒತ್ತಿ ಹಾಕಿದಳು. ಕೆಳಗಿಳಿದರೆ ಸುಸ್ತಾಗುತ್ತದೆಂದು ಊಟ ಕೂಡ ಮೇಲಕ್ಕೇ.

ಏಳನೇ ತಿಂಗಳು ಇನ್ನೂ ತುಂಬಿರಲಿಲ್ಲ, ನೋವು ಬಂತು. ಗಂಡು ಮಗು. ಒಂದು ಕೆಜಿ ನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತು ದಿನ ಇತ್ತು. ಅದರ ಎದೆ ಉಸಿರಿಗೆ ಹೇಗೆ ಒಳಕ್ಕೆ ಬೀಳುತ್ತಿತ್ತು ಎಂಬುದನ್ನು ನಾನು ಬರೆಯಲಾರೆ. ಹತ್ತನೇ ದಿನ ಇಲ್ಲ.

ದುಃಖಕ್ಕೆ ಒಂದು ಗೂಟ ಬೇಕಲ್ಲ, ಕಟ್ಟಿಹಾಕಲು. ಅಕ್ಕ ಅಳಿಯನನ್ನು ಗೂಟ ಮಾಡಿಕೊಂಡಳು. ಮೊದಲ ತಿಂಗಳಲ್ಲಿ ಅವನು ಗುಬ್ಬಿಯನ್ನು ಬೈಕಿನ ಮೇಲೆ ಆ ಕಲ್ಲು ದಾರಿಯಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. "ಆ ಬೈಕೇ ನನ್ನ ಮೊಮ್ಮಗನ್ನ ತಿಂತು," ಎಂದಳು. ಎರಡು ವರ್ಷ ಅವನ ಮುಖ ನೋಡಿ ಮಾತಾಡಲಿಲ್ಲ. ಅವನು ಪಾಪ, ಬಂದಾಗಲೆಲ್ಲ ಬಾಗಿಲ ಹೊರಗೇ ಕೂತು ಹೋಗುತ್ತಿದ್ದ. ನಾನೂ ಅಕ್ಕನ ಪಕ್ಷವೇ. ಎರಡು ಮಾತು ನಾನೂ ಚುಚ್ಚಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗುಬ್ಬಿ ಮತ್ತೆ ಬಸುರಿಯಾಗಿ ಮೂರು ತಿಂಗಳಾಗಿತ್ತು. ಭಾನುವಾರ ಬರುವುದೆಂದು ಗೊತ್ತಾಗಿತ್ತು. ಅಕ್ಕ ಮೇಲಿನ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಹಾಸಿಗೆ ಹಾಕಿಸಿ ಕುಣಿಯುತ್ತಿದ್ದಳು. "ಈ ಸಲ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತೀನಿ, ನೋಡು."

ಅದರ ಹಿಂದಿನ ಗುರುವಾರ ಮೆಡಿಕಲ್ ಕಾಲೇಜಿನವರು ಬಂದರು. ದೊಡ್ಡ ರಸ್ತೆ ಪಕ್ಕದ ಅಂಗಡಿಯವರ ಉಸಿರು ಪರೀಕ್ಷೆ ಮಾಡುತ್ತಾರಂತೆ, ಶಿಶುವಿಹಾರದ ಜಗುಲಿಯ ಮೇಲೆ ಮೇಜು ಹಾಕಿದ್ದರು. ಒಂದು ಕೊಳವೆ, ಅದಕ್ಕೆ ಕಟ್ಟಿದ ಯಂತ್ರ. ಬಾಯಿಗಿಟ್ಟುಕೊಂಡು ಜೋರಾಗಿ ಊದಬೇಕು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಭಾವನ ತೋಳು ಹಿಡಿದು ದರದರ ಎಳೆದುಕೊಂಡು ಹೋದಳು.

"ಡಾಕ್ಟರಮ್ಮಾ, ಇವರದ್ದು ನೋಡಿ. ಒಳಗೆ ಎಷ್ಟು ಮಸಿ ಇದೆ ಅಂತ ಇವರಿಗೆ ನೀವೇ ಹೇಳಿ. ನಾನು ಹೇಳಿದ್ರೆ ಹಿತ್ತಲ ಗಿಡ ಮದ್ದಲ್ಲ."

ಭಾವ ಕೊಸರಿದ. "ಮೊದ್ಲು ನೀನು ಊದೇ. ಆಮೇಲೆ ನಾನು."

"ಅದೇನು ಮಹಾ!" ಎಂದು ಅಕ್ಕ ಸೆರಗು ಸಿಕ್ಕಿಸಿ ಕೂತಳು. ಊದಿದಳು. ಯಂತ್ರದ ಮುಂದಿದ್ದ ಹುಡುಗಿ ಇನ್ನೊಮ್ಮೆ ಎಂದಳು. ಮತ್ತೆ ಊದಿದಳು. ಹುಡುಗಿ ಯಂತ್ರದ ಗುಂಡಿ ಒತ್ತಿ, ಕೊಳವೆ ಬದಲಿಸಿ, ಮತ್ತೊಮ್ಮೆ ಎಂದಳು. ಮೂರನೇ ಸಲ ಊದಿ ಅಕ್ಕ ಕೆಮ್ಮುತ್ತ ಕೂತಾಗ ಡಾಕ್ಟರಮ್ಮ ಚೀಟಿ ನೋಡಿ ತಲೆ ಎತ್ತಿದರು.

"ನೀವು ಎಷ್ಟು ವರ್ಷದಿಂದ ಸೇದ್ತಿದ್ದೀರಿ, ಅಮ್ಮಾ?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಭಾವ ಹೊಟ್ಟೆ ಹಿಡಿದು ನಕ್ಕ. "ಕದ್ದು ಸೇದ್ತಿದ್ಯೇನೇ? ನನ್ನ ಪ್ಯಾಕ್ ದಿನಾ ಬೇಗ ಖಾಲಿ ಆಗ್ತಿತ್ತು, ಈಗ ಗೊತ್ತಾಯ್ತು!" ಅಕ್ಕನ ಮುಖ ಕೆಂಡವಾಯಿತು. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಡಾಕ್ಟರಮ್ಮಾ! ನಾನು ಹುಟ್ಟಿದಾರಭ್ಯ ಅದರ ವಾಸನೇನೂ ಸೇರಿಸಿದೋಳಲ್ಲ!"

ಡಾಕ್ಟರಮ್ಮ ನಗಲಿಲ್ಲ. ಚಿಕ್ಕ ವಯಸ್ಸಿನವರು, ಆದರೆ ಮಾತು ಅಳೆದು ಆಡುವವರು. ಭಾವನಿಂದಲೂ ಊದಿಸಿದರು. ಎರಡು ಚೀಟಿ ಪಕ್ಕಪಕ್ಕ ಇಟ್ಟರು. ಮೂವತ್ತು ವರ್ಷ ಸೇದಿದ ಭಾವನಿಗೂ, ಒಂದು ಸಲವೂ ಸೇದದ ಅಕ್ಕನಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಅಕ್ಕನ ವಯಸ್ಸಿಗೆ, ಎತ್ತರಕ್ಕೆ ಇರಬೇಕಾದ ಉಸಿರಿನ ಬಲದಲ್ಲಿ ಅರ್ಧಕ್ಕಿಂತ ಚೂರು ಮೇಲೆ. ಎಪ್ಪತ್ತೈದು ದಾಟಿದವರಿಗೂ ಇದಕ್ಕಿಂತ ಚೆನ್ನಾಗಿರುತ್ತದೆ ಎಂದರು. ಭಾವನ ನಗು ನಿಂತಿತು.

ಕಟ್ಟಿಗೆ ಒಲೆ ಇತ್ತೇ ಎಂದು ಕೇಳಿದರು. ಇಲ್ಲ, ಮೊದಲಿಂದಲೂ ಗ್ಯಾಸು. ಚಿಕ್ಕಂದಿನಲ್ಲಿ ಗೂರಲು? ಇಲ್ಲ. ಬ್ಲೀಚಿನ ಕೆಲಸದಿಂದಲೂ ಸ್ವಲ್ಪ ಇರಬಹುದು ಎಂದು ಬರೆದುಕೊಂಡರು. ಆದರೆ ಬ್ಲೀಚು ಮುಟ್ಟಿಯೂ ನೋಡದ ಟೀಚರಮ್ಮನ ಚೀಟಿಯೂ ಅಷ್ಟಕ್ಕಷ್ಟೇ ಇತ್ತು. "ನಿಮ್ಮ ತಾರಸಿ ನೋಡಬಹುದಾ?" ಎಂದರು.

ಎಲ್ಲರೂ ಮೇಲೆ ಹೋದೆವು. ಡಾಕ್ಟರಮ್ಮ ಚೀಲದಿಂದ ಗಾಳಿಯಲ್ಲಿನ ಸಣ್ಣ ಧೂಳು ಅಳೆಯುವ, ಅಂಗೈಯಗಲದ ಒಂದು ಬಿಳಿ ಡಬ್ಬ ತೆಗೆದು ಹಗ್ಗದ ಕಂಬದ ಮೇಲಿಟ್ಟರು. ಪಕ್ಕದಲ್ಲೇ ಅವತ್ತಿನ ಕರ್ಚೀಫು ಹಾರಾಡುತ್ತಿತ್ತು. ಡಬ್ಬದಲ್ಲಿ ಅಂಕಿ ಏರಿತು. ಎಂಬತ್ತು, ನೂರಾ ಹತ್ತು, ನೂರಾ ನಲವತ್ತು. ಅಲ್ಲೇ ನಿಂತಿತು.

"ಇಡೀ ದಿನದ ಲೆಕ್ಕಕ್ಕೆ ಇದು ಹದಿನೈದು ದಾಟಬಾರದು," ಎಂದರು.

"ನಿಮ್ಮ ಡಬ್ಬ ಕೆಟ್ಟಿದೆ," ಎಂದಳು ಅಕ್ಕ. ಕರ್ಚೀಫು ಕಿತ್ತು ತಂದು ಅವರ ಮುಖದ ಮುಂದೆ ಬಿಚ್ಚಿ ಹಿಡಿದಳು. "ನೋಡಿ. ಎಲ್ಲಿದೆ ಧೂಳು? ತೋರ್ಸಿ! ಒಂದು ಚುಕ್ಕೆ ತೋರ್ಸಿ, ನಾಳೇನೇ ಅಂಗಡಿ ಮುಚ್ತೀನಿ."

ಡಾಕ್ಟರಮ್ಮ ಕರ್ಚೀಫನ್ನು ಮರ್ಯಾದೆಯಿಂದಲೇ ಕೈಗೆ ತೆಗೆದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಅಮ್ಮಾ, ಬಟ್ಟೆ ಮೇಲೆ ಕೂರೋದು ದಪ್ಪ ಧೂಳು. ಅದನ್ನ ನಿಮ್ಮ ಮೂಗೇ ತಡೆಯುತ್ತೆ. ನೀರು ಹಾಕಿದ್ರೂ ಕೂತ್ಕೊಳುತ್ತೆ. ಇದು ಬೇರೆ. ಎಂಜಿನ್ನಿಂದ, ಸುಡೋದ್ರಿಂದ ಬರೋದು. ಒಂದು ಕೂದಲಿನ ಅಗಲದಲ್ಲಿ ಇಂಥವು ಇಪ್ಪತ್ತು ಮೂವತ್ತು ಹಿಡಿಸ್ತವೆ. ಇದು ಕೂರಲ್ಲ, ತೇಲ್ತಾನೇ ಇರುತ್ತೆ. ಗಾಳಿ ಬಟ್ಟೇನ ಬಳಸಿ ಹೋಗುತ್ತಲ್ಲ, ಇದೂ ಅದರ ಜೊತೆ ಹೋಗಿಬಿಡುತ್ತೆ. ನಾವು ಉಸಿರು ಎಳ್ಕೊಂಡ್ರೆ ಶ್ವಾಸಕೋಶದ ತಳಕ್ಕೇ ಹೋಗಿ ಕೂರುತ್ತೆ. ತೀರ ಸಣ್ಣದು ಅಲ್ಲಿಂದ ರಕ್ತಕ್ಕೂ ಸೇರುತ್ತೆ. ವರ್ಷಗಟ್ಟಲೆ ಹೀಗೇ ಆದ್ರೆ ಉಸಿರಿನ ಕಾಯಿಲೆ ಅಷ್ಟೇ ಅಲ್ಲ, ಹೃದಯಾಘಾತ, ಲಕ್ವ, ಸೇದದೇ ಇದ್ದೋರಿಗೂ ಶ್ವಾಸಕೋಶದ ಕ್ಯಾನ್ಸರು..."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಗಾದೆ ಹೇಳುವವರು ನಾವು! ಕರ್ಚೀಫು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿಲ್ಲದ್ದನ್ನು ನಾವು ಅದರ ಬಾಯಲ್ಲಿ ಹೇಳಿಸಿದ್ದೆವು. ಹನ್ನೊಂದು ವರ್ಷ. ಮಕ್ಕಳನ್ನು ಮೇಲೆ ಕರೆದು, ಕಿಟಕಿ ತೆಗೆಸಿ, "ಫಸ್ಟ್ ಕ್ಲಾಸು" ಎಂದು ಕೂಗಿ.

ಡಾಕ್ಟರಮ್ಮ ಚೀಟಿ ಬರೆಯುತ್ತ, ಕೇಳಬೇಕೆಂದು ಕೇಳಿದರು ಅಷ್ಟೇ. "ಮನೇಲಿ ಚಿಕ್ಕ ಮಕ್ಕಳು, ಬಸುರಿಯರು ಯಾರಾದ್ರೂ ಇದ್ದಾರಾ?"

"ಯಾಕೆ?" ಎಂದಳು ಅಕ್ಕ.

"ಬಸುರಿಯರಿಗೆ ಇದು ಒಳ್ಳೇದಲ್ಲ. ಮಗು ತೂಕ ಕಡಿಮೆ ಆಗಬಹುದು. ದಿನ ತುಂಬೋ ಮೊದಲೇ ಹೆರಿಗೆ ಆಗೋದೂ ಜಾಸ್ತಿ."

ನಾನು ಅಕ್ಕನನ್ನು ನೋಡಿದೆ. ಅವಳು ಕೋಣೆಯ ಕಡೆ ನೋಡುತ್ತಿದ್ದಳು. ಹೊಸ ಸುಣ್ಣ, ಹೊಸ ಹಾಸಿಗೆ, ರಸ್ತೆ ಕಡೆಗೆ ಹಾರುಹೊಡೆದ ಕಿಟಕಿ. ಕೆಳಗೆ ಎಂಟು ಬಸ್ಸು ಎಂಜಿನ್ ಚಾಲೂ ಇಟ್ಟು ನಿಂತಿದ್ದವು. ಅಕ್ಕ ಹೋಗಿ ಆ ಕಿಟಕಿ ಎಳೆದು ಮುಚ್ಚಿದಳು.

ಕೊನೆಗೆ ನಾನೇ ಕೇಳಿದೆ, ಎರಡು ವರ್ಷದ ಹಿಂದಿನದನ್ನೆಲ್ಲ ಹೇಳಿ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಸಾವಿರಾರು ಮಕ್ಕಳ ಲೆಕ್ಕ ತೆಗೆದ್ರೆ ಸಂಬಂಧ ಕಾಣುತ್ತೆ. ಆದರೆ ನಿಮ್ಮ ಆ ಒಂದು ಮಗುಗೆ ಇದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ." ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರಲ್ಲ ಎಂದು ನನಗೆ ಕೆಂಡದಂಥ ಸಿಟ್ಟು ಬಂತು. ಈಗ ಯೋಚಿಸಿದರೆ ಪಾಪ, ಆ ಡಾಕ್ಟರಮ್ಮ ನಿಜವನ್ನೇ ಹೇಳಿದ್ದರು. ಸುಳ್ಳು ಸಮಾಧಾನ ಹೇಳುವುದು ಅವರಿಗೆ ಸುಲಭವಿತ್ತು.

ಶುಕ್ರವಾರ ಅಕ್ಕ ಅಂಗಡಿ ತೆರೆಯಲಿಲ್ಲ. ಮನೆಮನೆ ತಿರುಗಿದಳು. ಮೇಷ್ಟ್ರ ಮನೆಗೆ ಹೋಗಿ, "ಬಸ್ಸು ಹೊರಡೋ ಹೊತ್ತಲ್ಲಿ ಕಿಟಕಿ ಮುಚ್ಚಿ, ನಾನು ಹೇಳಿದ್ದು ತಪ್ಪು," ಎಂದಳು. ಟೀಚರಮ್ಮನ ಮುಂದೆ ಕೈ ಮುಗಿದಳು. "ಮಕ್ಕಳನ್ನ ಮೇಲೆ ಕರ್ಕೊಂಡು ಬರ್ಬೇಡಿ. ನನ್ನನ್ನ ಕ್ಷಮಿಸಿ." ಮೇಷ್ಟ್ರು, "ಅಯ್ಯೋ ಬಿಡಿ ಕರ್ಚೀಫಮ್ಮಾ, ಇಷ್ಟು ವರ್ಷ ಬದುಕಿಲ್ವಾ?" ಎಂದು ನಕ್ಕರಂತೆ. ಟೀಚರಮ್ಮ ನಗಲಿಲ್ಲ. ಆಕೆಯ ಹನ್ನೆರಡರಲ್ಲಿ ಐವರು ಮಕ್ಕಳ ಚೀಲದಲ್ಲಿ ಉಸಿರಿನ ಪಂಪು ಇರುತ್ತಿತ್ತು. ಅದನ್ನು ನಾವೆಲ್ಲ ನೋಡಿಯೇ ಇದ್ದೆವು. ಈಗಿನ ಮಕ್ಕಳು, ಗಟ್ಟಿ ಇಲ್ಲ ಎಂದುಕೊಂಡಿದ್ದೆವು.

ಗುಬ್ಬಿಗೆ ಫೋನ್ ಮಾಡು ಎಂದೆ. ಮಾಡಲಿಲ್ಲ. ಏನಂತ ಹೇಳಲಿ ಎಂದು ನನ್ನನ್ನೇ ಕೇಳಿದಳು. ಹೀಗೆ ಇಬ್ಬರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಭಾನುವಾರ ಬಂದೇಬಿಟ್ಟಿತು.

ಹನ್ನೊಂದು ಗಂಟೆಗೆ ಟ್ಯಾಕ್ಸಿ ಬಾಗಿಲ ಮುಂದೆ ನಿಂತಿತು. ಅಳಿಯ ಚೀಲ ಇಳಿಸುತ್ತಿದ್ದ. ಗುಬ್ಬಿ ನಗುತ್ತ ಒಂದು ಕಾಲು ಕೆಳಗಿಟ್ಟಳು. ಅಕ್ಕ ಓಡಿಹೋಗಿ ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ಇಳೀಬೇಡ."

"ಏನಮ್ಮಾ?"

"ಇಳೀಬೇಡ ಅಂದೆ. ಒಳಗೆ ಬರ್ಬೇಡ. ವಾಪಸ್ ಹೋಗು."

ಗುಬ್ಬಿಯ ಮುಖ ನೋಡಬೇಕಿತ್ತು. ತವರಿನ ಬಾಗಿಲಲ್ಲಿ ಹೆತ್ತ ತಾಯಿಯೇ ಅಡ್ಡ ನಿಂತು ಬರಬೇಡ ಎಂದರೆ ಯಾವ ಮಗಳಿಗೆ ತಡೆದೀತು? ಅವಳ ಕಣ್ಣಲ್ಲಿ ನೀರು ತುಂಬಿತು. "ಇವರ ಮೇಲಿನ ಸಿಟ್ಟು ಇನ್ನೂ ಹೋಗಿಲ್ವಾ ನಿಂಗೆ?" ಎಂದಳು. ಅಳಿಯ ಚೀಲ ಹಿಡಿದೇ ತಲೆ ತಗ್ಗಿಸಿದ.

ಅಕ್ಕ ಅವನ ಕಡೆ ತಿರುಗಿದಳು. ಎರಡು ವರ್ಷದ ಮೇಲೆ ಮೊದಲ ಸಲ ಅವನ ಮುಖ ನೋಡಿದಳು. "ನಿಮ್ಮ ಬೈಕಲ್ಲ, ಅಳಿಯಂದ್ರೇ. ನಿಮ್ಮನ್ನ ಸುಮ್ಮಸುಮ್ಮನೆ ಅಂದುಬಿಟ್ಟೆ." ಆಮೇಲೆ ನಡುರಸ್ತೆಯಲ್ಲೇ, ಬಸ್ಸುಗಳ ಗದ್ದಲದಲ್ಲಿ, ಎಲ್ಲ ಹೇಳಿದಳು. ಊದಿದ್ದು, ಡಬ್ಬದ ಅಂಕಿ, ಬಸುರಿಯರ ಮಾತು. ಅವಳ ಉಸಿರು ನಡುನಡುವೆ ಕಟ್ಟುತ್ತಿತ್ತು. ನಾನು ಹೇಳುತ್ತೇನೆಂದರೆ ಕೈಯಿಂದ ತಳ್ಳಿದಳು.

ಗುಬ್ಬಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು. "ಹಾಗಾದ್ರೆ ಮೊದಲನೇದು, ಅಮ್ಮಾ?"

"ಗೊತ್ತಿಲ್ಲ ಮಗಳೇ. ಯಾರಿಗೂ ಗೊತ್ತಿಲ್ಲವಂತೆ. ಆದ್ರೆ ಆ ಕಿಟಕಿ ಹತ್ರ ಮಂಚ ಎಳೆದು ಹಾಕಿದ್ದು ನಾನೇ."

ಗುಬ್ಬಿ ಬೈಯಲಿಲ್ಲ, ಅಳಲಿಲ್ಲ. ಕಾಲು ಒಳಕ್ಕೆ ಎಳೆದುಕೊಂಡು ಸರಿದು ಕೂತಳು. "ಹತ್ತು," ಎಂದಳು. ಅಕ್ಕ ಅರ್ಥವಾಗದೆ ನಿಂತಳು. "ಹತ್ತಮ್ಮಾ! ಹೆರಿಗೆ ಮಾಡಿಸೋಕೆ ನಂಗೆ ತಾಯಿ ಬೇಡ್ವಾ? ನೀನೂ ಇಲ್ಲಿ ಇರಕೂಡದು." ನಾನು ಹಿಂದಿನಿಂದ ನೂಕಿದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಅಂಗಡಿ ಬಿಟ್ಟು ಬೇರೆ ಕಡೆ ಮಲಗದವಳು ಉಟ್ಟ ಸೀರೆಯಲ್ಲೇ ಹತ್ತಿ ಹೋದಳು. ಆಮೇಲೆ ಅವಳ ಬಟ್ಟೆಗಳನ್ನು ಗಂಟು ಕಟ್ಟಿ ಬಸ್ಸಿನಲ್ಲಿ ಕಳಿಸಿದೆ.

ಅಂಗಡಿ ನಾನು, ಭಾವ ನೋಡಿಕೊಂಡೆವು. ಭಾವ ಸಿಗರೇಟು ಬಿಟ್ಟ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅರ್ಧಕ್ಕೆ ಇಳಿಸಿದ್ದಾನೆ ಅಷ್ಟೇ. ಡಿಪೋದಲ್ಲಿ ಮಾತ್ರ ಜಗಳ ಮಾಡಿ, ನಿಂತ ಬಸ್ಸಿನ ಎಂಜಿನ್ ಆರಿಸುವ ಹಾಗೆ ಮಾಡಿದ. ನಾಲ್ಕು ದಿನ ಆರಿಸಿದರು. ಐದನೇ ದಿನ ಹಳೇ ಚಾಳಿ. ಮತ್ತೆ ಹೋಗಿ ಜಗಳವಾಡಿದ. ಅಲ್ಲಿ ಅಕ್ಕ ದಿನಾ ಅಣೆಕಟ್ಟಿನ ಮೇಲೆ ಮಗಳ ಜೊತೆ ನಡೆದಾಡುತ್ತಾಳೆ, ಉಸಿರಿನ ಪಂಪಿನಿಂದ ಔಷಧಿ ಎಳೆದುಕೊಳ್ಳುತ್ತಾಳೆ. ಹೋದ ಶಕ್ತಿ ಪೂರಾ ವಾಪಸು ಬರುವುದಿಲ್ಲವಂತೆ, ಇದ್ದದ್ದು ಉಳಿದರೆ ಸಾಕು ಎಂದಿದ್ದಾರಂತೆ. ಏಳನೇ ತಿಂಗಳಿಡೀ ಫೋನ್ ಸದ್ದಾದರೆ ಸಾಕು, ಇಸ್ತ್ರಿಯನ್ನು ಬಟ್ಟೆಯ ಮೇಲೇ ಬಿಟ್ಟು ಓಡುತ್ತಿದ್ದೆ. ಎರಡು ಅಂಗಿ ಸುಟ್ಟೆ. ಎಂಟು ಕಳೆಯಿತು. ಒಂಬತ್ತು ತುಂಬಿತು.

ಒಂದು ಮಧ್ಯಾಹ್ನ ಅಕ್ಕನೇ ಫೋನ್ ಮಾಡಿದಳು. "ಹೆಣ್ಣು ಮಗು. ಮೂರು ಕೆಜಿ ಇನ್ನೂರು ಗ್ರಾಂ. ಪೆಟ್ಟಿಗೆ ಬೇಡ, ಏನೂ ಬೇಡ, ತಾಯಿ ಪಕ್ಕದಲ್ಲೇ ಮಲಗಿಸಿದ್ದಾರೆ."

ನಾನು ಕಿರುಚಿದ ಕಿರುಚಿಗೆ ಭಾವ ಡಿಪೋದಿಂದ ಓಡಿ ಬಂದ. ಕುಣಿಯುವುದೊಂದು ಬಾಕಿ. ಆಗ ಗೊತ್ತಾಯಿತು, ಆ ಕಡೆ ಅಕ್ಕ ಬಿಕ್ಕುತ್ತಿದ್ದಾಳೆ. ಸಂತೋಷದ ಅಳು ನನಗೆ ಗೊತ್ತು, ಇದು ಅದಲ್ಲ.

"ಯಾಕೇ? ಏನಾಯ್ತು? ಗುಬ್ಬಿ ಹುಷಾರಾಗಿದ್ದಾಳಾ?"

"ಹುಷಾರು."

"ಮಗು?"

"ಅದೂ ಹುಷಾರು. ಎಷ್ಟು ಗಟ್ಟಿ ಅಳುತ್ತೆ ಗೊತ್ತಾ..." ಅವಳ ಉಸಿರು ಸಿಕ್ಕಿಕೊಂಡಿತು. "ಅದೇ ತಾಯಿ ಕಣೇ. ಅದೇ ತಂದೆ. ಅದೇ ಕಲ್ಲು ದಾರಿ, ಅದೇ ಬೈಕು, ಎಷ್ಟು ಸಲ ಹೋಗಿ ಬಂದ್ರು. ನನ್ನ ಮನೆ ಒಂದು ಬಿಟ್ಟು ಎಲ್ಲಾ ಅದೇ. ಹಾಗಾದ್ರೆ ಅವನೂ ಬದುಕ್ತಿದ್ದ, ಅಲ್ವೇನೇ?"

ಯಾರೂ ಹೇಳಲಾಗದು ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಅದನ್ನೇ ಹೇಳಲು ಬಾಯಿ ತೆರೆದೆ. ಅಕ್ಕ ಮತ್ತೆ ಕೇಳಿದಳು, "ಹೇಳೇ, ಬದುಕ್ತಿದ್ದ ಅಲ್ವಾ?"